ಬ್ಲೋವರ್ ಮೋಟಾರ್ ಹೋಗಿಲ್ಲ ಸ್ವಾಮಿ!

ಮಳೆಗಾಲದ ನಸುಕಲ್ಲಿ ತರಕಾರಿ ಹೇರಿಕೊಂಡು ಹೊರಟರೆ ಗಾಜಿನ ಒಳಗಡೆ ಮಂಜು ಕಟ್ಟುತ್ತೆ. ಬ್ಲೋವರ್ ಇಲ್ಲದಿದ್ರೆ ರಸ್ತೆನೇ ಕಾಣಲ್ಲ. ನಮ್ಮ ಪಿಕಪ್‌ನಲ್ಲಿ ಅದು 4ನೇ ಸ್ಪೀಡಲ್ಲಿ ಮಾತ್ರ ತಿರುಗ್ತಿತ್ತು. ಗ್ಯಾರೇಜಿನವರು ಬಿಚ್ಚಿಯೂ ನೋಡದೆ "ಮೋಟಾರ್ ಹೋಗಿದೆ, ಹೊಸದು ಹಾಕ್ಬೇಕು" ಅಂದ್ರು.

ಅಲ್ರೀ, ಮೋಟಾರ್ ಹೋಗಿದ್ರೆ 4ರಲ್ಲಿ ಹೆಂಗೆ ತಿರುಗುತ್ತೆ? 1, 2, 3ಕ್ಕೆ ಕರೆಂಟು ರೆಸಿಸ್ಟರ್ ದಾಟಿ ಬರುತ್ತೆ, 4ಕ್ಕೆ ನೇರ. ಸುಟ್ಟಿದ್ದು ರೆಸಿಸ್ಟರ್! ಎಸ್ಸೆಸ್ಸೆಲ್ಸಿ ವಿಜ್ಞಾನ ಸಾಕು ಇದಕ್ಕೆ.

ಪೂರ್ತಿ ನಿಂತಿದ್ರೂ ಮೊದಲು ಫ್ಯೂಸ್, ಆಮೇಲೆ ಮೋಟಾರಿನ ಕನೆಕ್ಟರಿಗೆ 12 ವೋಲ್ಟ್ ಬರ್ತಿದೆಯಾ, ಅರ್ತ್ ಗಟ್ಟಿ ಇದೆಯಾ ನೋಡ್ಬೇಕು. ಬೋರ್ ನಿಂತ ತಕ್ಷಣ ನಾವು ಪಂಪ್ ಮೇಲೆತ್ತುತ್ತೀವಾ? ಮೊದಲು ಫ್ಯೂಸ್, ಸ್ಟಾರ್ಟರ್ ನೋಡಲ್ವಾ?

ಪರೀಕ್ಷೆ ಮಾಡಿದ ಕೂಲಿ ಕೇಳಿ, ಕೊಡ್ತೀವಿ. ನೋಡದೇ ಮೋಟಾರಿನ ಬಿಲ್ ಬರೀಬೇಡಿ.