ಗಗನ್: ಆಕಾಶದಲ್ಲಿ ಸಿದ್ಧ, ವಿಮಾನದಲ್ಲಿ ವಿಳಂಬ

ಮನೋಳಿ: ಸವದತ್ತಿ ತಾಲ್ಲೂಕಿನ, ಮಲಪ್ರಭೆಯ ದಂಡೆಯ ಮೇಲಿನ ಈ ಪಟ್ಟಣದವರು ವಿಮಾನ ಹಿಡಿಯಬೇಕೆಂದರೆ ಬೆಳಗಾವಿಯ ಸಾಂಬ್ರಾಕ್ಕೆ ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ಮುಂಗಾರಿನಲ್ಲಿ ಮೋಡ ತಗ್ಗಿದಾಗ ಇಳಿಯಬೇಕಾದ ವಿಮಾನ ಸುತ್ತು ಹಾಕಿ ಬೇರೆ ಊರಿಗೆ ತಿರುಗುವುದು ಈ ಭಾಗದ ಪ್ರಯಾಣಿಕರಿಗೆ ಹೊಸತಲ್ಲ. ಈ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಬಲ್ಲ ವ್ಯವಸ್ಥೆಯೊಂದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿಯೇ ಇದೆ. ಅದರ ಹೆಸರು ‘ಗಗನ್’.

ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಜಂಟಿಯಾಗಿ 774 ಕೋಟಿ ರೂಪಾಯಿ ವೆಚ್ಚದಲ್ಲಿ ರೂಪಿಸಿದ ವ್ಯವಸ್ಥೆಯಿದು. ದೇಶದ 15 ಕಡೆ ಇರುವ ಉಲ್ಲೇಖ ಕೇಂದ್ರಗಳಿಗೆ ತಮ್ಮ ನಿಖರ ಸ್ಥಾನ ಮೊದಲೇ ತಿಳಿದಿರುತ್ತದೆ. ಜಿಪಿಎಸ್ ತೋರಿಸುವ ಸ್ಥಾನದೊಡನೆ ಅದನ್ನು ಹೋಲಿಸಿದರೆ ದೋಷ ಎಷ್ಟೆಂಬುದು ಗೊತ್ತಾಗುತ್ತದೆ. ತಿದ್ದುಪಡಿಯ ಲೆಕ್ಕ ಜಿಸ್ಯಾಟ್ ಸರಣಿಯ ಭೂಸ್ಥಿರ ಉಪಗ್ರಹಗಳ ಮೂಲಕ ವಿಮಾನಕ್ಕೆ ತಲುಪುತ್ತದೆ. ಆದರೆ ಪೈಲಟ್‌ಗೆ ನಿಖರತೆಗಿಂತ ಮುಖ್ಯವಾದುದು ಭರವಸೆ. ಸಂಕೇತ ನಂಬಲರ್ಹವಲ್ಲವಾದರೆ 10 ಸೆಕೆಂಡುಗಳೊಳಗೆ ಎಚ್ಚರಿಕೆ ಬರಲೇಬೇಕೆಂಬುದು ಈ ದರ್ಜೆಯ ಸೇವೆಗೆ ಇರುವ ಅಂತರರಾಷ್ಟ್ರೀಯ ನಿಯಮ. ಮೊಬೈಲ್ ಫೋನಿನ ಜಿಪಿಎಸ್ ಇಂಥ ಹೊಣೆ ಹೊರುವುದಿಲ್ಲ.

ಅಮೆರಿಕ, ಯುರೋಪ್ ಮತ್ತು ಜಪಾನ್‌ಗಳಲ್ಲಿ ಇಂಥ ವ್ಯವಸ್ಥೆ ಮೊದಲೇ ಇದ್ದರೂ ಅದನ್ನು ಇಲ್ಲಿಗೆ ಹಾಗೆಯೇ ತರುವಂತಿರಲಿಲ್ಲ. ಭೂಕಾಂತೀಯ ಸಮಭಾಜಕ ವೃತ್ತ ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುತ್ತದೆ. ಅದರ ಎರಡೂ ಬದಿಗಳಲ್ಲಿ ಅಯಾನುಗೋಳದ ಎಲೆಕ್ಟ್ರಾನ್ ಸಾಂದ್ರತೆ ಏರುಪೇರಾಗುತ್ತಿರುತ್ತದೆ. ಸೂರ್ಯಾಸ್ತದ ನಂತರವಂತೂ ಸಂಕೇತಗಳೇ ಮಿನುಗತೊಡಗುತ್ತವೆ. ಹೀಗಾಗಿ ಇಸ್ರೊ ಅಯಾನುಗೋಳವನ್ನು ಹಲವು ಪದರಗಳಾಗಿ ಲೆಕ್ಕ ಹಾಕುವ ತನ್ನದೇ ಮಾದರಿಯನ್ನು ರೂಪಿಸಬೇಕಾಯಿತು. ಗಗನ್ ಉಪಕರಣ ಹೊತ್ತಿದ್ದ ಜಿಸ್ಯಾಟ್–4 ಉಪಗ್ರಹ 2010ರ ಏಪ್ರಿಲ್‌ನಲ್ಲಿ ಉಡಾವಣೆ ವಿಫಲವಾಗಿ ನಷ್ಟವಾದುದೂ ಉಂಟು.

ಇಷ್ಟೆಲ್ಲ ದಾಟಿ 2015ರ ಏಪ್ರಿಲ್‌ನಲ್ಲಿ, ಇಳಿಯುವ ವಿಮಾನಕ್ಕೆ ಎತ್ತರದ ಮಾರ್ಗದರ್ಶನವನ್ನೂ ನೀಡುವ ಸೇವೆಗೆ ಪ್ರಮಾಣಪತ್ರ ದೊರೆಯಿತು. ಸಮಭಾಜಕ ವಲಯದಲ್ಲಿ ಇದೇ ಮೊದಲು. ಆದರೆ ಇದನ್ನು ಬಳಸಿ ಇಂಡಿಗೊದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಾಯೋಗಿಕವಾಗಿ ಇಳಿದದ್ದು 2022ರ ಏಪ್ರಿಲ್ 28ರಂದು. ನಡುವೆ ಏಳು ವರ್ಷ!

ವಿಳಂಬದ ಕಾರಣ ನೆಲದಲ್ಲೂ ಇರಲಿಲ್ಲ, ಉಪಗ್ರಹದಲ್ಲೂ ಇರಲಿಲ್ಲ. ದೇಶೀಯ ಮಾರ್ಗಗಳಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ 320 ವಿಮಾನಗಳು ಈ ಸಂಕೇತ ಹಿಡಿಯುವ ಉಪಕರಣವಿಲ್ಲದೆಯೇ ಬಂದಿದ್ದವು. 2016ರ ನಾಗರಿಕ ವಿಮಾನಯಾನ ನೀತಿ 2019ರ ಜನವರಿ 1ರಿಂದ ನೋಂದಣಿಯಾಗುವ ವಿಮಾನಗಳಿಗೆ ಇದನ್ನು ಕಡ್ಡಾಯಗೊಳಿಸಿತ್ತು. ಆ ಗಡುವು 2021ರ ಜುಲೈ 1ಕ್ಕೆ ಜಾರಿತು. ಹಳೆಯ ವಿಮಾನಗಳಿಗೆ ಉಪಕರಣ ಕೂರಿಸುವ ವೆಚ್ಚ ದುಬಾರಿ ಎಂಬ ಕಂಪನಿಗಳ ವಾದದಲ್ಲಿ ಹುರುಳಿದೆ. ಹೊಸದಾಗಿ ತರಿಸಿದ ವಿಮಾನಗಳಿಗೂ ವಿನಾಯಿತಿ ವಿಸ್ತರಿಸುತ್ತ ಹೋದುದಕ್ಕೆ ಮಾತ್ರ ಸಮರ್ಥನೆ ಕಷ್ಟ.

ನಷ್ಟವಾಗಿದ್ದು ಸಣ್ಣ ನಿಲ್ದಾಣಗಳಿಗೆ. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ಪಕ್ಕದ ಆಂಟೆನಾಗಳೇ ದಾರಿ ತೋರುವ ಐಎಲ್‌ಎಸ್ ಇದೆ. 2023ರಲ್ಲಿ ಆರಂಭವಾದ ಶಿವಮೊಗ್ಗ ನಿಲ್ದಾಣಕ್ಕೆ ಆಗ ಅದು ಇರಲಿಲ್ಲ. ಗಗನ್ ಅದಕ್ಕೆ ಹೆಚ್ಚುಕಡಿಮೆ ಸರಿಸಮನಾದ ಸೇವೆಯನ್ನು ನೆಲದ ಮೇಲೆ ಆ ಯಂತ್ರವಿಲ್ಲದೆಯೇ ನೀಡಬಲ್ಲದು. ಹಾಗೆಂದು ಐಎಲ್‌ಎಸ್ ಕಿತ್ತೆಸೆಯುವಂತಿಲ್ಲ. 2025ರ ನವೆಂಬರ್‌ನಲ್ಲಿ ದೆಹಲಿಯ ಬಳಿ ನಕಲಿ ಜಿಪಿಎಸ್ ಸಂಕೇತಗಳು ವಿಮಾನಗಳ ದಾರಿ ತಪ್ಪಿಸಲೆತ್ನಿಸಿದಾಗ ನೆಲದ ಯಂತ್ರಗಳ ಬೆಲೆ ತಿಳಿಯಿತು. ಜಿಪಿಎಸ್ ಅನ್ನೇ ಆಧರಿಸಿದ ಗಗನ್ ಅಂಥ ವಂಚನೆಯನ್ನು ತಡೆಯಲಾರದು.

ಇನ್ನು ಆಗಬೇಕಾದುದು ಎರಡು: ಪ್ರತಿ ಸಣ್ಣ ರನ್‌ವೇಗೂ ಇಳಿಯುವ ವಿಧಾನವನ್ನು ಪ್ರಕಟಿಸಿ ಪೈಲಟ್‌ಗಳಿಗೆ ತರಬೇತಿ ನೀಡುವುದು, ಆ ಮಾರ್ಗಗಳಿಗೆ ಉಪಕರಣವುಳ್ಳ ವಿಮಾನಗಳನ್ನೇ ಕಳುಹಿಸುವುದು. ತಾನು ಏರುವ ವಿಮಾನದಲ್ಲಿ ಅದು ಇದೆಯೇ ಎಂಬುದನ್ನು ಪ್ರಯಾಣಿಕನಿಗೆ ಯಾವ ಟಿಕೆಟ್ಟೂ ತಿಳಿಸುವುದಿಲ್ಲ.