ಗಡಿಯಾಚೆ ಸುರಿದ ಮಣ್ಣು

ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಳ ಕುರಿತು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ನೀಡಿದ ತೀರ್ಪು ಒಂದು ಅಳತೆಗೋಲನ್ನು ಒಪ್ಪಿಕೊಂಡಿತು. ಗಡಿಯಾಚೆಗಿನ ಅಗೆತ ಗುತ್ತಿಗೆ ಪ್ರದೇಶದ ಶೇ. 10ನ್ನು ಅಥವಾ ತ್ಯಾಜ್ಯ ಮಣ್ಣಿನ ರಾಶಿ ಶೇ. 15ನ್ನು ಮೀರಿದ್ದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಅದಕ್ಕಿಂತ ಕಡಿಮೆ ಅತಿಕ್ರಮಿಸಿದ್ದ 'ಬಿ' ವರ್ಗದವರಿಗೆ ದಂಡ ತೆತ್ತು ಉಳಿಯುವ ದಾರಿಯಿತ್ತು: ಅಗೆದಲ್ಲಿ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಮಣ್ಣು ಸುರಿದಲ್ಲಿ 1 ಕೋಟಿ. ಸುರಿದ ನೆಲದಿಂದ ಅದಿರು ಹೋಗಿಲ್ಲವೆಂಬ ಲೆಕ್ಕ ಸರಿಯೇ. ರಾಶಿಯಡಿ ಹೂತುಹೋದ ಕಾಡಿಗೆ ಆ ಲೆಕ್ಕ ತಿಳಿಯದು. ಶ್ರಾವಕನ ದಿಗ್ವ್ರತದಲ್ಲಿ, ತಾನೇ ಗೊತ್ತುಪಡಿಸಿಕೊಂಡ ಎಲ್ಲೆಯನ್ನು ಹಿಗ್ಗಿಸುವುದು 'ಕ್ಷೇತ್ರವೃದ್ಧಿ' ಎಂಬ ಅತಿಚಾರ. ಅಲ್ಲಿ ಶೇಕಡಾವಾರು ವಿನಾಯಿತಿಯಿಲ್ಲ. ಗಣಿ ಕಂಪನಿಗಳ ಷೇರು ಹೊಂದಿರುವ ಜೈನ ಕುಟುಂಬಗಳು ವಾರ್ಷಿಕ ಸಭೆಯಲ್ಲಿ ಲಾಭಾಂಶವನ್ನು ವಿಚಾರಿಸುವ ಮುನ್ನ ತ್ಯಾಜ್ಯ ಯಾರ ನೆಲದಲ್ಲಿ ಬಿದ್ದಿದೆಯೆಂದು ಕೇಳಲಿ.