ವಾಚಿಗೆ ಬೇಕಾದದ್ದು ಎರಡು ವ್ಯಾಟ್, ನಾವು ಕೇಳುವುದು ಅರುವತ್ತೇಳು

ಅಡಿಕೆ ಮಾರಿ ಬಂದ ದಿನ ಮಕ್ಕಳಿಗೊಂದು ಸ್ಮಾರ್ಟ್‌ವಾಚ್ ತೆಗೆದುಕೊಡುವುದು ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಈಗ ಹೊಸತಲ್ಲ. ಕೆಲವು ತಿಂಗಳಲ್ಲಿ ಅದರ ಚಾರ್ಜರ್ ಕಳೆದುಹೋಗುವುದೂ ಹೊಸತಲ್ಲ. ಆಗ ಅಂಗಡಿಯಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: "ಇದು ಎಷ್ಟು ವ್ಯಾಟಿನದ್ದು?" ಹೆಚ್ಚು ವ್ಯಾಟ್ ಇದ್ದರೆ ಬೇಗ ಚಾರ್ಜ್ ಆಗುತ್ತದೆ ಎಂಬ ನಂಬಿಕೆ. ವಾಚಿನ ಮಟ್ಟಿಗೆ ಈ ನಂಬಿಕೆಗೆ ದುಡ್ಡು ಹಾಕುವುದು ದಂಡ ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಸಣ್ಣದು. ಈಗಿನ ಫೋನಿನ ಬ್ಯಾಟರಿ ಸಾಮಾನ್ಯವಾಗಿ 5000 ಎಂಎಎಚ್, ವಾಚಿನದ್ದು ಸುಮಾರು 300. ಅಂದರೆ ಫೋನಿನ ಹದಿನಾರನೇ ಒಂದು ಪಾಲು. ಅಷ್ಟನ್ನು ಒಂದು ಗಂಟೆಯಲ್ಲಿ ತುಂಬಿಸಲು ಎರಡು ವ್ಯಾಟ್ ಧಾರಾಳ ಸಾಕು. 67 ವ್ಯಾಟಿನ ಅಡಾಪ್ಟರಿಗೆ ಸಿಕ್ಕಿಸಿದರೂ ವಾಚು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಟ್ಯಾಂಕಿ ಎಷ್ಟು ದೊಡ್ಡದಿದ್ದರೇನು, ಕೊಡಪಾನಕ್ಕೆ ಬೀಳುವುದು ನಳ್ಳಿ ತಿರುಗಿಸಿದಷ್ಟೇ ನೀರು. ಇಲ್ಲಿ ನಳ್ಳಿ ಇರುವುದು ವಾಚಿನ ಒಳಗೆ.

ಇನ್ನೊಂದು ಗೊಂದಲ 'ವೈರ್‌ಲೆಸ್' ಎಂಬ ಮಾತಿನದ್ದು. ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಚಾರ್ಜರ್ ಎಲ್ಲವೂ ವೈರ್‌ಲೆಸ್ ಅಲ್ಲ. ವಾಚನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ಎರಡು ಲೋಹದ ಚುಕ್ಕಿಗಳಿದ್ದರೆ ಸಾಮಾನ್ಯವಾಗಿ ಅದು ಪಿನ್ ಚಾರ್ಜಿಂಗ್. ಕಡಿಮೆ ಬೆಲೆಯ ವಾಚುಗಳು ಹೆಚ್ಚಿನವು ಇದೇ ಜಾತಿಯವು. ನಿಜವಾದ ವೈರ್‌ಲೆಸ್‌ನಲ್ಲಿ ಚಾರ್ಜರಿನೊಳಗಿನ ತಂತಿಸುರುಳಿ ಕಾಂತಕ್ಷೇತ್ರ ಹುಟ್ಟಿಸುತ್ತದೆ, ವಾಚಿನೊಳಗಿನ ಸುರುಳಿ ಅದನ್ನು ಹಿಡಿಯುತ್ತದೆ. ದಾರಿಯಲ್ಲಿ ಒಂದಷ್ಟು ಶಕ್ತಿ ಬಿಸಿಯಾಗಿ ನಷ್ಟವಾಗುತ್ತದೆ. ಫೋನಿಗೆಂದು ಮಾರುವ 15 ವ್ಯಾಟಿನ ಪ್ಯಾಡ್ ಎಲ್ಲ ವಾಚಿಗೂ ಹೊಂದುವುದಿಲ್ಲ. ಆಪಲ್ ವಾಚನ್ನು ಅದರ ಮೇಲೆ ಇಡೀ ರಾತ್ರಿ ಇಟ್ಟರೂ ಚಾರ್ಜ್ ಆಗದು.

ಹಾಗಾದರೆ ಅಪಾಯವೇ ಇಲ್ಲವೇ? ಇದೆ, ಆದರೆ ಅದು ಇರುವುದು ಕಳಪೆ ಅಡಾಪ್ಟರಿನಲ್ಲಿ. ಒಳ್ಳೆಯ ಫಾಸ್ಟ್ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ, ಸಾಧನ ಕೇಳಿದರಷ್ಟೇ ಏರಿಸುತ್ತದೆ. ಹೆಸರಿಲ್ಲದ ಅಗ್ಗದ ಮಾಲಿಗೆ ಈ ಶಿಸ್ತು ಇದೆಯೆಂದು ನಂಬುವುದು ಹೇಗೆ? ಆದ್ದರಿಂದ ಅಡಾಪ್ಟರಿನ ಮೇಲೆ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ. 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ. ವಾಚಿನ ಪುಸ್ತಿಕೆಯಲ್ಲಿ 5 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದನ್ನೇ ಪಾಲಿಸಿ.

ನಮ್ಮ ಊರಿಗೆ ಸೇರಿದ ಎಚ್ಚರಿಕೆಗಳೂ ಇವೆ. ಮಳೆಯಲ್ಲಿ ನೆನೆದ ವಾಚನ್ನು ಒರೆಸದೆ ಚಾರ್ಜಿಗಿಟ್ಟರೆ ಪಿನ್ನಿಗೆ ತುಕ್ಕು ಹಿಡಿಯುತ್ತದೆ. ವೈರ್‌ಲೆಸ್ ಪ್ಯಾಡಿನ ಮೇಲೆ ನಾಣ್ಯ, ಕೀಲಿಕೈ ಬಿದ್ದಿದ್ದರೆ ಅದು ಕಾಯುತ್ತದೆ. ದಿಂಬಿನಡಿ ಚಾರ್ಜ್ ಬೇಡ, ಬಿಸಿ ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಮುಂಗಾರಿಗೆ ಮುಂಚಿನ ಸಂಜೆ ಗುಡುಗು ಕೇಳಿದೊಡನೆ ಅಡಾಪ್ಟರನ್ನು ಪ್ಲಗ್ಗಿನಿಂದ ಕೀಳಿ. ಸ್ವಿಚ್ ಆರಿಸಿದರೆ ಸಾಲದು.

ಇಷ್ಟನ್ನೆಲ್ಲ ಪೆಟ್ಟಿಗೆಯ ಮೇಲೆಯೇ ಕನ್ನಡದಲ್ಲಿ ಬರೆಯಬಹುದಿತ್ತಲ್ಲ? 2011ರ ಪೊಟ್ಟಣ ಸಾಮಗ್ರಿಗಳ ಕೇಂದ್ರ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಆದರೆ ಚಾರ್ಜರ್ ಬಳಸುವವರಲ್ಲಿ ನಮ್ಮ ಅಜ್ಜಿಯೂ ಇದ್ದಾರೆ, ಮೂರನೇ ಕ್ಲಾಸಿನ ತಂಗಿಯೂ ಇದ್ದಾಳೆ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಯಾವ ವಾಚಿಗೆ ಎಂಬ ಒಂದು ಸಾಲು ಕನ್ನಡದಲ್ಲಿರಲಿ ಎಂಬುದು ನಮ್ಮ ಬೇಡಿಕೆ.

ಅದು ಬರುವವರೆಗೆ ಚಾರ್ಜರ್ ಕೊಳ್ಳಲು ಹೋಗುವಾಗ ವಾಚನ್ನೂ ಕೈಯಲ್ಲಿ ಕಟ್ಟಿಕೊಂಡೇ ಹೋಗಿ. ಅಂಗಡಿಯಲ್ಲೇ ಹಚ್ಚಿ ನೋಡಿ, ಬಿಲ್ ಕೇಳಿ ಪಡೆಯಿರಿ. "ಎಷ್ಟು ವ್ಯಾಟ್" ಎನ್ನುವ ಬದಲು "ನನ್ನ ವಾಚಿಗೆ ಹೊಂದುತ್ತದೆಯಾ" ಎಂದು ಕೇಳಿ.